ಎದೆಗಾರಿಕೆಯ ಸಿನಿಮಾಗಳು: ಯಾರ ಜೊತೆ ಕೂತು ಯಾವುದನ್ನು ನೋಡಬೇಕು?

ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ ಹತ್ತಿರ ಬಂತೆಂದರೆ ಕಾಲೇಜುಗಳಲ್ಲಿ, ಓದುಗರ ಬಳಗಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಈ ಸಲ ಯಾವ ಸಿನಿಮಾ ಹಾಕೋಣ? ಅನ್ಯಾಯದ ಎದುರು ನಿಂತವರ ಕಥೆ ಬೇಕು. ಭಾಷಣ ಆಗಬಾರದು. ಹುಡುಗರು ಮಧ್ಯದಲ್ಲಿ ಎದ್ದು ಹೋಗಬಾರದು. ವಾಟ್ಸ್ಯಾಪ್ ಗ್ರೂಪಿನಲ್ಲಿ ಹೆಸರುಗಳು ಸುರಿಯುತ್ತವೆ. ಕೊನೆಗೆ ಯಾರದೋ ಪೆನ್‌ಡ್ರೈವಿನಲ್ಲಿ ಯಾವುದಿದೆಯೋ ಅದೇ ಗತಿ.

ಇಂಥ ಸಿನಿಮಾಗಳಿಗೆ ಅಂಕ ಕೊಟ್ಟು ಸಾಲಾಗಿ ನಿಲ್ಲಿಸಿದರೆ ಆಯ್ಕೆ ಸುಲಭವಾಗುವುದಿಲ್ಲ. ಇಲ್ಲಿ ಹೆಸರಿಸಿರುವ ಎಲ್ಲವೂ ನೋಡಬೇಕಾದವೇ. ಆದರೆ ಎಲ್ಲವನ್ನೂ ಎಲ್ಲರ ಮುಂದೆ ಹಾಕುವ ಹಾಗಿಲ್ಲ. ನಾನು ಕೇಳಿಕೊಳ್ಳುವ ಪ್ರಶ್ನೆ ಎರಡೇ. ಕಥೆಯಲ್ಲಿ ಧೈರ್ಯ ಮಾಡುವವರು ಯಾರು? ಅದಕ್ಕೆ ಬೆಲೆ ತೆರುವವರು ಯಾರು? ಎಷ್ಟೋ ಸಲ ಇಬ್ಬರೂ ಬೇರೆ ಬೇರೆ. ವಕೀಲರು ಚೆನ್ನಾಗಿ ವಾದ ಮಾಡಿ ರಾತ್ರಿ ಮನೆಗೆ ಹೋಗಿ ಊಟ ಮಾಡುತ್ತಾರೆ. ಕಕ್ಷಿದಾರ ವಾಪಸ್ ಜೈಲಿಗೆ ಹೋಗುತ್ತಾನೆ. ಇದನ್ನು ಗಮನಿಸಿದರೆ ಯಾವ ಸಿನಿಮಾ ಯಾರಿಗೆ ಅನ್ನುವುದು ಅರ್ಧ ತೀರ್ಮಾನವಾದಂತೆ.

ಮುಂದೆ ಕೆಲವು ಸಿನಿಮಾಗಳ ಕೊನೆ ಏನಾಗುತ್ತದೆ ಅಂತಲೂ ಬರೆದಿದ್ದೇನೆ. ಅದನ್ನು ಮುಚ್ಚಿಟ್ಟುಕೊಂಡು ಹೋಲಿಸಲು ಆಗುವುದಿಲ್ಲ.

ಹೈಸ್ಕೂಲು ಮಕ್ಕಳಿದ್ದರೆ

ಕಣ್ಣು ಮುಚ್ಚಿ '12 ಆಂಗ್ರಿ ಮೆನ್' ಹಾಕಿ. 1957ರ ಸಿನಿಮಾ, ಕಪ್ಪು-ಬಿಳುಪು, ಸಿಡ್ನಿ ಲುಮೆಟ್ ಅವರ ಮೊದಲ ಚಿತ್ರ. ಒಂದೂವರೆ ಗಂಟೆ ಚಿಲ್ಲರೆ ಅಷ್ಟೇ. ಬಹುತೇಕ ಇಡೀ ಸಿನಿಮಾ ಒಂದೇ ಕೋಣೆಯಲ್ಲಿ ನಡೆಯುತ್ತದೆ. ತಂದೆಯನ್ನು ಇರಿದು ಕೊಂದ ಅನ್ನುವ ಆರೋಪ ಹೊತ್ತ ಒಬ್ಬ ಹುಡುಗ. ಅವನು ಅಪರಾಧಿ ಹೌದೋ ಅಲ್ಲವೋ ಅಂತ ಹನ್ನೆರಡು ಮಂದಿ ಜ್ಯೂರಿಗಳು, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ಜನ, ಒಮ್ಮತದಿಂದ ಹೇಳಬೇಕು. ಹೌದು ಅಂದರೆ ಹುಡುಗನಿಗೆ ಸಾವೇ ಗತಿ. ಹೊರಗೆ ಸುಡುಸೆಕೆ, ಒಳಗೆ ಫ್ಯಾನ್ ಓಡುತ್ತಿಲ್ಲ, ಒಬ್ಬನ ಜೇಬಿನಲ್ಲಿ ಬೇಸ್‌ಬಾಲ್ ಆಟದ ಟಿಕೆಟ್ ಇದೆ. ಹನ್ನೊಂದು ಕೈ ಮೇಲೇಳುತ್ತವೆ. ಹೆನ್ರಿ ಫೋಂಡಾ ಮಾಡಿರುವ ಎಂಟನೇ ಜ್ಯೂರಿ ಮಾತ್ರ ಕೈ ಎತ್ತುವುದಿಲ್ಲ.

ಎಲ್ಲರೂ ಹೊಗಳುವುದು ಫೋಂಡಾನನ್ನು. ನನಗೆ ಮುಖ್ಯ ಅನ್ನಿಸುವುದು ಒಂಬತ್ತನೇ ಜ್ಯೂರಿ, ಆ ಮುದುಕ. ಒಂದು ಹಂತದಲ್ಲಿ ಫೋಂಡಾ, ಗುಟ್ಟಾಗಿ ಇನ್ನೊಮ್ಮೆ ಮತ ಹಾಕಿ, ಆಗಲೂ ಹನ್ನೊಂದು ಮಂದಿ ಅಪರಾಧಿ ಅಂದರೆ ನಾನೂ ಒಪ್ಪುತ್ತೇನೆ ಅನ್ನುತ್ತಾನೆ. ಅಂದರೆ ಅವನೂ ಸೋಲಿಗೆ ಸಿದ್ಧನಾಗಿದ್ದಾನೆ. ಆ ಮುದುಕ ಒಬ್ಬ ಮತ ಬದಲಿಸದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ತರಗತಿಯಲ್ಲಿ ಯಾರಿಗೋ ಅನ್ಯಾಯ ಆದಾಗ ಮೊದಲು ಎದ್ದು ನಿಲ್ಲುವುದು ಎಲ್ಲ ಮಕ್ಕಳಿಗೂ ಆಗುವ ಮಾತಲ್ಲ. ಎರಡನೆಯವರಾಗಿ ನಿಲ್ಲುವುದು ಆಗುತ್ತದೆ. ಮಕ್ಕಳ ಜೊತೆ ಚರ್ಚೆ ಮಾಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಇನ್ನೊಂದು ಅನುಕೂಲವೂ ಇದೆ. ಈ ಸಿನಿಮಾದಲ್ಲಿ ಧೈರ್ಯ ಮಾಡಿದವನು ಕಳೆದುಕೊಳ್ಳುವುದು ಒಂದು ಸಂಜೆ, ಸ್ವಲ್ಪ ಮರ್ಯಾದೆ. ಹಾಗಾಗಿ ಮಕ್ಕಳು ಹೆದರುವುದಿಲ್ಲ, ಯೋಚನೆ ಮಾಡುತ್ತಾರೆ. ಕೊರತೆಯೂ ಇಲ್ಲದಿಲ್ಲ. ಕೋಣೆಯಲ್ಲಿ ಒಬ್ಬ ಹೆಂಗಸೂ ಇಲ್ಲ, ಒಬ್ಬ ಕಪ್ಪು ಮನುಷ್ಯನೂ ಇಲ್ಲ. ಆರೋಪಿ ಹುಡುಗನ ಮುಖ ಶುರುವಿನಲ್ಲಿ ಒಂದು ಕ್ಷಣ ಕಾಣುತ್ತದೆ, ಆಮೇಲೆ ಇಲ್ಲ. ಇಂಗ್ಲಿಷ್ ಕಷ್ಟ ಆಗುವ ಗುಂಪಾದರೆ ಬಾಸು ಚಟರ್ಜಿ ಹಿಂದಿಯಲ್ಲಿ ಮಾಡಿದ 'ಏಕ್ ರುಕಾ ಹುವಾ ಫೈಸ್ಲಾ' ಇದೆ. ನಮ್ಮಲ್ಲಿ ಈಗ ಜ್ಯೂರಿ ಪದ್ಧತಿ ಇಲ್ಲ ಅನ್ನುವುದನ್ನು ಮಾತ್ರ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಇವರೆಲ್ಲ ಯಾರು, ಜಡ್ಜ್ ಎಲ್ಲಿ ಅಂತ ಕೇಳುತ್ತಲೇ ಇರುತ್ತಾರೆ.

ಇದೇ ಸಾಲಿನಲ್ಲಿ ಎಲ್ಲರೂ ಸೂಚಿಸುವ ಇನ್ನೊಂದು ಹೆಸರು 1962ರ 'ಟು ಕಿಲ್ ಎ ಮಾಕಿಂಗ್‌ಬರ್ಡ್'. ಗ್ರೆಗರಿ ಪೆಕ್‌ಗೆ ಆಸ್ಕರ್ ತಂದ ಪಾತ್ರ ಅದು. ಅಮೆರಿಕದ ದಕ್ಷಿಣದ ಅಲಬಾಮಾದಲ್ಲಿ, 1930ರ ದಶಕದಲ್ಲಿ, ಬಿಳಿ ಹೆಂಗಸಿನ ಮೇಲೆ ಅತ್ಯಾಚಾರ ಮಾಡಿದ ಅನ್ನುವ ಸುಳ್ಳು ಆರೋಪ ಹೊತ್ತ ಟಾಮ್ ರಾಬಿನ್ಸನ್ ಪರ ವಕೀಲ ಆಟಿಕಸ್ ಫಿಂಚ್ ನಿಲ್ಲುತ್ತಾನೆ. ಆ ಹೆಂಗಸನ್ನು ನೋಡಿ ತನಗೆ ಪಾಪ ಅನ್ನಿಸಿತು ಅಂತ ಟಾಮ್ ಕಟಕಟೆಯಲ್ಲಿ ಬಾಯಿತಪ್ಪಿ ಹೇಳಿದಾಗ ಕೋರ್ಟಿನ ಗಾಳಿಯೇ ಬದಲಾಗುತ್ತದೆ. ಕಪ್ಪು ಮನುಷ್ಯ ಬಿಳಿಯರನ್ನು ನೋಡಿ ಕನಿಕರ ಪಡುವುದೇ? ಅದೊಂದು ದೃಶ್ಯಕ್ಕಾಗಿ ಇಡೀ ಸಿನಿಮಾ ನೋಡಬಹುದು. ಆದರೆ ಮೊದಲ ಭಾಗ ನಿಧಾನ. ಎಲ್ಲವೂ ಆಟಿಕಸ್‌ನ ಮಗಳು ಸ್ಕೌಟ್‌ಳ ಕಣ್ಣಿನಿಂದ ಕಾಣುತ್ತದೆ, ಟಾಮ್‌ನ ಮನೆಯವರ ಕಣ್ಣಿನಿಂದ ಅಲ್ಲ. ಮೆಚ್ಚುಗೆ ಆಟಿಕಸ್‌ಗೆ, ಸಾವು ಟಾಮ್‌ಗೆ. ಇದರ ಮೂಲ ಕಾದಂಬರಿ ಓದಿದ ಗುಂಪಿದ್ದರೆ ಇದನ್ನು ಆರಿಸಿ. ಓದಿಲ್ಲದವರಿಗೆ '12 ಆಂಗ್ರಿ ಮೆನ್' ಮೇಲು.

'ಜೈ ಭೀಮ್' ಅಥವಾ 'ಕೋರ್ಟ್'?

ಜಾಸ್ತಿ ಜಗಳ ಆಗುವುದು ಇಲ್ಲೇ. ಎರಡೂ ನ್ಯಾಯಾಲಯದ ಸಿನಿಮಾ, ಎರಡೂ ಜಾತಿಯ ಬಗ್ಗೆ. ಸಾಮ್ಯ ಅಲ್ಲಿಗೇ ಮುಗಿಯಿತು.

2021ರ ತಮಿಳು ಸಿನಿಮಾ 'ಜೈ ಭೀಮ್' ಶುರುವಾಗುವುದು ಜೈಲಿನ ಬಾಗಿಲಲ್ಲಿ. ಬಿಡುಗಡೆಯಾಗಿ ಹೊರಬಂದವರನ್ನು ನಿಲ್ಲಿಸಿ ಜಾತಿ ಕೇಳುತ್ತಾರೆ. ಬಲಾಢ್ಯ ಜಾತಿಯವರು ಮನೆಗೆ. ಉಳಿದವರನ್ನು ಬೇರೆ ಕಡೆ ನಿಲ್ಲಿಸಿ, ಬಗೆಹರಿಯದ ಕೇಸುಗಳಿಗೆ ತುಂಬಲು ಪೊಲೀಸರು ಹಂಚಿಕೊಳ್ಳುತ್ತಾರೆ. ಎರಡು ಮೂರು ನಿಮಿಷದ ದೃಶ್ಯ. ಇಡೀ ಕಥೆಯ ಬುನಾದಿ ಅಲ್ಲೇ ಬಿದ್ದಿದೆ. ಆಮೇಲೆ ಇರುಳರ ಬುಡಕಟ್ಟು ಸಮುದಾಯದ ರಾಜಾಕಣ್ಣು ಕಳ್ಳತನದ ಸುಳ್ಳು ಆರೋಪದಲ್ಲಿ ಠಾಣೆ ಸೇರುತ್ತಾನೆ, ಅಲ್ಲಿಂದ ಕಾಣೆಯಾಗುತ್ತಾನೆ. ಬಸುರಿ ಹೆಂಡತಿ ಸೆಂಗೇನಿ ವಕೀಲ ಚಂದ್ರು ಅವರನ್ನು ಹುಡುಕಿಕೊಂಡು ಬರುತ್ತಾಳೆ. ಚಂದ್ರು ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುತ್ತಾರೆ. ಹಿಡಿದಿಟ್ಟ ಮನುಷ್ಯನನ್ನು ನಮ್ಮ ಮುಂದೆ ತಂದು ನಿಲ್ಲಿಸಿ ಅಂತ ನ್ಯಾಯಾಲಯ ಕೇಳುವಂತೆ ಮಾಡುವ ಅರ್ಜಿ ಅದು.

1993ರಲ್ಲಿ ತಮಿಳುನಾಡಿನಲ್ಲಿ ನಡೆದ ಘಟನೆಯೇ ಇದಕ್ಕೆ ಆಧಾರ. ಆ ಮೊಕದ್ದಮೆ ನಡೆಸಿದ ಕೆ. ಚಂದ್ರು ಮುಂದೆ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿಯೂ ಆದರು. ನಿಜ ಘಟನೆಯಲ್ಲಿ ತೀರಿಕೊಂಡವರು ಕುರವರ್ ಸಮುದಾಯದವರು. ಸಿನಿಮಾ ಅದನ್ನು ಇರುಳರ ಕಥೆಯಾಗಿ ಹೇಳಿದೆ. ಚರ್ಚೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ, ನಡೆಸಿಕೊಡುವವರಿಗೆ ಗೊತ್ತಿರಲಿ.

ಈ ಸಿನಿಮಾದ ಮೇಲಿರುವ ದೊಡ್ಡ ದೂರು, ಚಂದ್ರು ಪಾತ್ರದಲ್ಲಿ ಸೂರ್ಯ ಅನ್ನುವ ಸ್ಟಾರ್ ಬಂದು ಬಡವರನ್ನು ಕಾಪಾಡುತ್ತಾರೆ ಅನ್ನುವುದು. ದೂರಿನಲ್ಲಿ ಹುರುಳಿದೆ. ಹಿನ್ನೆಲೆ ಸಂಗೀತ ಕೂಡ ಅವರನ್ನು ಎತ್ತಿ ಎತ್ತಿ ಹಿಡಿಯುತ್ತದೆ. ಆದರೆ ನೆನಪಿನಲ್ಲಿ ಉಳಿಯುವ ಎರಡು ದೃಶ್ಯ ಸೆಂಗೇನಿಯದ್ದು. ಒಂದರಲ್ಲಿ, ಠಾಣೆಗೆ ಕರೆಸಿದವಳನ್ನು ಮರ್ಯಾದೆಯಿಂದ ಮನೆಗೆ ಬಿಟ್ಟು ಬನ್ನಿ ಅಂತ ಮೇಲಿನಿಂದ ಆದೇಶ ಬರುತ್ತದೆ. ಅವಳು ಜೀಪು ಹತ್ತುವುದಿಲ್ಲ. ನಡೆದೇ ಹೋಗುತ್ತಾಳೆ, ಜೀಪು ಅವಳ ಹಿಂದೆ ಹಿಂದೆ ಬರುತ್ತದೆ. ಇನ್ನೊಂದರಲ್ಲಿ ಪೊಲೀಸ್ ಇಲಾಖೆಯ ದೊಡ್ಡ ಅಧಿಕಾರಿ ರಾಜಿಗೆ ಹಣದ ಮಾತಾಡುತ್ತಾರೆ. ಅವಳು ಬೇಡ ಅನ್ನುತ್ತಾಳೆ. ನಾಳೆ ಮಕ್ಕಳು ಕೇಳಿದರೆ, ಅಪ್ಪನನ್ನು ಕೊಂದವರು ಕೊಟ್ಟ ದುಡ್ಡಿನಲ್ಲಿ ನಿಮ್ಮನ್ನು ಸಾಕಿದೆ ಅಂತ ಹೇಳಲೇ ಅನ್ನುವುದು ಅವಳ ಪ್ರಶ್ನೆ. ಸೆಂಗೇನಿಯಾದ ಲಿಜೋಮೋಳ್ ಜೋಸ್ ದನಿ ಎತ್ತದೆ ಆ ಮಾತು ಆಡಿದ್ದಾರೆ. ಚಂದ್ರು ಪಾತ್ರಕ್ಕೆ ಕಾನೂನು ಗೊತ್ತು, ಕೋಟು ಇದೆ. ಇವಳ ಕೈಯಲ್ಲಿ ಏನೂ ಇಲ್ಲ. ಯಾರ ಧೈರ್ಯ ದೊಡ್ಡದು ಅಂತ ಸಿನಿಮಾ ಮುಗಿದ ಮೇಲೆ ಕೇಳಿ ನೋಡಿ, ಸಭೆ ಎರಡು ಭಾಗ ಆಗುತ್ತದೆ.

ಆದರೆ ಠಾಣೆಯೊಳಗಿನ ಹಿಂಸೆಯ ದೃಶ್ಯಗಳು ನಿಜಕ್ಕೂ ಭಯಂಕರ. ಮಕ್ಕಳಿಗೆ ಬೇಡ. ದೊಡ್ಡವರಲ್ಲೂ ಕೆಲವರು ಎದ್ದು ಹೊರಗೆ ಹೋಗುತ್ತಾರೆ, ಹೋಗಲು ಬಿಡಿ. ಅಂಥ ಹಿಂಸೆಯನ್ನು ತಾವೇ ಕಂಡವರು, ಅನುಭವಿಸಿದವರು ಗುಂಪಿನಲ್ಲಿ ಇರಬಹುದು. ಮುಂಚಿತವಾಗಿ ಹೇಳಿಯೇ ಹಾಕಬೇಕು. ಅವಧಿಯೂ ಎರಡೂವರೆ ಗಂಟೆ ದಾಟುತ್ತದೆ.

ಚೈತನ್ಯ ತಮ್ಹಾಣೆಯವರ 2014ರ 'ಕೋರ್ಟ್' ಇದಕ್ಕೆ ಪೂರ್ತಿ ಉಲ್ಟಾ. ಇಲ್ಲಿ ಹೊಡೆತ ಇಲ್ಲ, ಹಿನ್ನೆಲೆ ಸಂಗೀತದ ಒತ್ತಾಸೆ ಇಲ್ಲ, ಗೆಲುವು ಇಲ್ಲ. ಮುಂಬೈನ ಹಿರಿಯ ಲೋಕಶಾಹಿರ ನಾರಾಯಣ ಕಾಂಬಳೆ. ಬೀದಿ ಸಭೆಗಳಲ್ಲಿ ಹೋರಾಟದ ಹಾಡು ಹೇಳುವವರು. ಅವರ ಹಾಡು ಕೇಳಿಯೇ ಒಬ್ಬ ಮ್ಯಾನ್‌ಹೋಲ್ ಕಾರ್ಮಿಕ ಆತ್ಮಹತ್ಯೆ ಮಾಡಿಕೊಂಡ ಅಂತ ಕೇಸು. ಕೇಳಿದರೆ ನಗು ಬರುತ್ತದೆ. ಆದರೆ ಕೇಸು ವಾಯಿದೆ ಮೇಲೆ ವಾಯಿದೆ ಬಿದ್ದು ನಡೆಯುತ್ತಲೇ ಇರುತ್ತದೆ. ಬ್ರಿಟಿಷರ ಕಾಲದ ಕಾನೂನನ್ನು ಸರ್ಕಾರಿ ವಕೀಲೆ ಒಂದೇ ಉಸಿರಿನಲ್ಲಿ ಓದುತ್ತಾರೆ. ತೋಳಿಲ್ಲದ ರವಿಕೆ ಹಾಕಿಕೊಂಡು ಬಂದಳು ಅಂತ ಒಬ್ಬ ಹೆಂಗಸಿನ ಕೇಸನ್ನು ನ್ಯಾಯಾಧೀಶರು ಅವತ್ತು ಕೈಗೆತ್ತಿಕೊಳ್ಳುವುದೇ ಇಲ್ಲ.

ಸತ್ತ ಕಾರ್ಮಿಕನ ಹೆಂಡತಿ ಸಾಕ್ಷಿ ಹೇಳುವ ದೃಶ್ಯ ಈ ಸಿನಿಮಾದ ಜೀವ. ಗಂಡ ಕುಡಿಯುತ್ತಿದ್ದನೇ? ಹೌದು, ಕುಡಿಯದೆ ಆ ನಾತದೊಳಗೆ ಇಳಿಯಲು ಆಗುತ್ತಿರಲಿಲ್ಲ. ರಕ್ಷಣೆಯ ಸಾಮಾನು ಕೊಟ್ಟಿದ್ದರೇ? ಇಲ್ಲ. ಅವಳು ಅಳುವುದಿಲ್ಲ, ಶಾಪ ಹಾಕುವುದಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟು ಹೋಗುತ್ತಾಳೆ. ಈ ಮಾತು ನಮಗೆ ದೂರದ್ದೇನಲ್ಲ. ಮಲ ಹೊರುವ ಪದ್ಧತಿಯ ವಿರುದ್ಧ ದಶಕಗಳಿಂದ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಹುಟ್ಟಿದ್ದು ನಮ್ಮ ಕೋಲಾರದ ಚಿನ್ನದ ಗಣಿ ಊರಿನಲ್ಲಿ. 2013ರಲ್ಲಿ ಕೇಂದ್ರ ಸರ್ಕಾರದ ಹೊಸ ಕಾಯ್ದೆಯೂ ಬಂತು. ಆಮೇಲೂ ಗುಂಡಿಗೆ ಇಳಿದು ಸತ್ತವರ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇದೆ, ಅಲ್ವಾ?

'ಕೋರ್ಟ್' ಸಿನಿಮಾದಲ್ಲಿ ಖಳನಾಯಕರು ಯಾರೂ ಇಲ್ಲ. ಸರ್ಕಾರಿ ವಕೀಲೆ ಸಂಜೆ ರೈಲಿನಲ್ಲಿ ಪಕ್ಕದವರ ಜೊತೆ ಮನೆಮಾತು ಆಡುತ್ತಾರೆ, ಮಗನನ್ನು ಕರೆದುಕೊಂಡು ಮನೆಗೆ ಹೋಗಿ ಅಡುಗೆ ಮಾಡುತ್ತಾರೆ. ನಮ್ಮ ಅಕ್ಕನೋ ಚಿಕ್ಕಮ್ಮನೋ ಇದ್ದ ಹಾಗೆ. ಕಾಂಬಳೆ ಪರ ವಾದಿಸುವ ವಕೀಲ ಅನುಕೂಲಸ್ಥರ ಮನೆಯವನು, ಒಳ್ಳೆಯವನು, ಅವನ ಬದುಕೇ ಬೇರೆ. ಯಾರೂ ಕೆಟ್ಟವರಲ್ಲದೆ ಒಬ್ಬ ಮನುಷ್ಯನ ಬದುಕು ಹಾಳಾಗುವುದು ಹೇಗೆ ಅಂತ ಇಷ್ಟು ಚೆನ್ನಾಗಿ ತೋರಿಸಿದ ಇನ್ನೊಂದು ಭಾರತೀಯ ಸಿನಿಮಾ ನನಗೆ ಗೊತ್ತಿಲ್ಲ. ಕಾಂಬಳೆ ಪಾತ್ರ ಮಾಡಿದ ವೀರಾ ಸಾಥೀದಾರ್ ನಿಜ ಜೀವನದಲ್ಲೂ ಅಂಬೇಡ್ಕರ್‌ವಾದಿ ಹೋರಾಟಗಾರರು. 2021ರಲ್ಲಿ ಕೋವಿಡ್‌ನಿಂದ ತೀರಿಕೊಂಡರು.

ಹಾಗಾದರೆ ಯಾವುದು? ನೂರು ಜನರ ಸಭಾಂಗಣ, ಬೇರೆ ಬೇರೆ ವಯಸ್ಸಿನವರು, ಸಿನಿಮಾ ಮುಗಿದ ಮೇಲೆ ಹತ್ತೇ ನಿಮಿಷ ಇದೆ ಅಂದರೆ 'ಜೈ ಭೀಮ್'. ಕಾನೂನು ವಿದ್ಯಾರ್ಥಿಗಳು, ಪತ್ರಕರ್ತರು, ಇಪ್ಪತ್ತು ಜನರ ಬಳಗ, ಆಮೇಲೆ ಚಹಾ ಕುಡಿದು ಮಾತಾಡಲು ಸಮಯ ಇದೆ ಅಂದರೆ 'ಕೋರ್ಟ್'. ಕ್ಯಾಮೆರಾ ಅಲುಗಾಡದೆ ನಿಂತೇ ಇರುತ್ತದೆ, ಹತ್ತು ನಿಮಿಷದಲ್ಲಿ ಮೊಬೈಲ್ ತೆಗೆಯುವ ಗುಂಪಿಗೆ ಅದನ್ನು ಹಾಕಿ ಹಾಳು ಮಾಡಬೇಡಿ. ಎರಡನ್ನೂ ತೋರಿಸುವ ಅವಕಾಶ ಇದ್ದರೆ ಮೊದಲು 'ಜೈ ಭೀಮ್', ಒಂದು ವಾರ ಬಿಟ್ಟು 'ಕೋರ್ಟ್'. ತಿರುಗಾಮುರುಗಾ ಮಾಡಿದರೆ 'ಜೈ ಭೀಮ್'ನ ವಾದ-ಪ್ರತಿವಾದ ತೀರಾ ಸಿನಿಮೀಯ ಅನ್ನಿಸಿಬಿಡುತ್ತದೆ, ಅದಕ್ಕೂ ಅನ್ಯಾಯ.

ಕನ್ನಡದ್ದೇ ಬೇಕು ಅಂದರೆ

ಎಲ್ಲರ ಬಾಯಲ್ಲಿ ಮೊದಲು ಬರುವುದು 'ಚೋಮನ ದುಡಿ'. ಶಿವರಾಮ ಕಾರಂತರ 1933ರ ಕಾದಂಬರಿ, ಬಿ.ವಿ. ಕಾರಂತರ 1975ರ ಸಿನಿಮಾ. ಶ್ರೇಷ್ಠ ಚಿತ್ರಕ್ಕೆ ಕೊಡುವ ಸ್ವರ್ಣ ಕಮಲ ಬಂತು, ಚೋಮನಾದ ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯೂ ಬಂತು. ಒಂದು ತುಂಡು ಭೂಮಿ ಉಳಬೇಕು ಅನ್ನುವುದು ಚೋಮನ ಆಸೆ. ಎತ್ತು ಇವೆ, ಭೂಮಿ ಇಲ್ಲ. ಅವನ ಜಾತಿಯವರು ಬೇಸಾಯ ಮಾಡುವ ಹಾಗಿಲ್ಲ. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕಳೆದುಕೊಳ್ಳುತ್ತಾನೆ. ಒಬ್ಬ ಮಗ ನೀರಿನಲ್ಲಿ ಮುಳುಗುವಾಗ ಮೇಲ್ಜಾತಿಯವರು ದಡದಲ್ಲಿದ್ದೂ ಮುಟ್ಟುವುದಿಲ್ಲ.

ಎದೆಗಾರಿಕೆಯ ಲೆಕ್ಕದಲ್ಲಿ ನೋಡಿದರೆ ಇಲ್ಲಿ ಗಮನಿಸಬೇಕಾದವನು ಒಡೆಯ ಸಂಕಪ್ಪಯ್ಯ. ಚೋಮನಿಗೆ ಭೂಮಿ ಕೊಡಬೇಕು ಅಂತ ಅವನಿಗೂ ಒಳಗೊಳಗೆ ಅನ್ನಿಸುತ್ತದೆ. ತಾಯಿ ಬೇಡ ಅನ್ನುತ್ತಾಳೆ. ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಹಿರಿಯರ ಮಾತು ಮೀರುವುದು ಹೇಗೆ ಅಂತ ಸುಮ್ಮನಾದ ಒಳ್ಳೆಯವರು ನಮ್ಮ ಸುತ್ತ ಎಷ್ಟು ಮಂದಿ ಇದ್ದಾರೆ! ಮೇಲ್ಜಾತಿಯ ಮನೆಗಳಲ್ಲಿ, ಮನೆಮಂದಿಯೆಲ್ಲ ಕೂತು ನೋಡಲು ನಾನು ಇದನ್ನೇ ಹೇಳುತ್ತೇನೆ. ಬೈಗುಳ ಇಲ್ಲ, ಘೋಷಣೆ ಇಲ್ಲ. ಆದರೆ ಸಂಕಪ್ಪಯ್ಯನನ್ನು ನೋಡುತ್ತಾ ಯಾರಿಗಾದರೂ ಸ್ವಲ್ಪ ಮುಜುಗರ ಆಗಲೇಬೇಕು.

ದಲಿತ ವಿದ್ಯಾರ್ಥಿಗಳ ಹಾಸ್ಟೆಲ್ಲಿನಲ್ಲಿ ಹಾಕುವುದಾದರೆ ನಾನು ಬೇರೆ ದಾರಿ ಹಿಡಿಯುತ್ತೇನೆ. ಚೋಮ ಕೊನೆಯಲ್ಲಿ ಎತ್ತುಗಳನ್ನು ಕಾಡಿಗೆ ಅಟ್ಟಿ, ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಾ ಸಾಯುತ್ತಾನೆ. ತಮ್ಮ ಅಜ್ಜಂದಿರ ಸೋಲನ್ನು ಇನ್ನೊಮ್ಮೆ ನೋಡಿ ಅಂತ ಆ ಹುಡುಗರಿಗೆ ಹೇಳಬೇಕೇ? ಅಲ್ಲಿಗೆ ನಾಗರಾಜ ಮಂಜುಳೆಯವರ ಮರಾಠಿ ಸಿನಿಮಾ 'ಫಂಡ್ರಿ' (2013) ಒಪ್ಪುತ್ತದೆ. ಶಾಲೆಗೆ ಹೋಗುವ ಜಬ್ಯಾ, ಅವನು ಇಷ್ಟಪಡುವ ಮೇಲ್ಜಾತಿಯ ಸಹಪಾಠಿ ಶಾಲು. ಊರಿನ ಹಂದಿ ಹಿಡಿಯುವುದು ಜಬ್ಯಾನ ಮನೆಯವರ ಪಾಲಿಗೆ ಬಂದ ಕೆಲಸ. ಊರಿನವರೆಲ್ಲ ನಿಂತು ನಗುತ್ತಾ ನೋಡುವಾಗ ಅವನು ಅಪ್ಪ, ಅಕ್ಕಂದಿರ ಜೊತೆ ಹಂದಿ ಅಟ್ಟಿಸಿಕೊಂಡು ಓಡಬೇಕು. ಇನ್ನೇನು ಹಂದಿ ಸಿಕ್ಕಿತು ಅನ್ನುವಾಗ ಶಾಲೆಯಿಂದ ರಾಷ್ಟ್ರಗೀತೆ ಕೇಳುತ್ತದೆ. ಇಡೀ ಸಂಸಾರ ನೆಟ್ಟಗೆ ನಿಲ್ಲುತ್ತದೆ. ಹಂದಿ ತಪ್ಪಿಸಿಕೊಳ್ಳುತ್ತದೆ. ಆಮೇಲೆ ಸತ್ತ ಹಂದಿಯನ್ನು ಹೊತ್ತುಕೊಂಡು ಹೋಗುವ ದಾರಿಯಲ್ಲಿ ಶಾಲೆಯ ಗೋಡೆಯ ಮೇಲೆ ಅಂಬೇಡ್ಕರ್ ಚಿತ್ರ ಇದೆ. ಕೊನೆಗೆ ಜಬ್ಯಾ ಕಲ್ಲು ಬೀಸುತ್ತಾನೆ, ಅದು ನೇರ ನಮ್ಮ ಕಡೆಗೇ ಬರುತ್ತದೆ. ಚೋಮನಿಗೂ ಜಬ್ಯಾನಿಗೂ ಇರುವ ವ್ಯತ್ಯಾಸ ಆ ಕಲ್ಲಿನಲ್ಲಿದೆ. ಎರಡನ್ನೂ ಹಿಂದೆಮುಂದೆ ತೋರಿಸಿದರೆ ಬೇರೆ ಉಪನ್ಯಾಸ ಬೇಕಾಗುವುದಿಲ್ಲ.

ಹೆಂಗಸರೇ ಹೆಚ್ಚಿರುವ ಗುಂಪಿಗೆ 'ಘಟಶ್ರಾದ್ಧ'ವೋ 'ಫಣಿಯಮ್ಮ'ನೋ ಅನ್ನುವ ಪ್ರಶ್ನೆ ಬರುತ್ತದೆ. ಕಲೆಯ ದೃಷ್ಟಿಯಿಂದ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಒಂದು ಕೈ ಮೇಲೆ. ಅನಂತಮೂರ್ತಿಯವರ ಕಥೆ. ಬಸುರಾದ ಎಳೆಯ ವಿಧವೆಗೆ ಬದುಕಿರುವಾಗಲೇ ತಂದೆ ಶ್ರಾದ್ಧ ಮಾಡುತ್ತಾನೆ. ಅವಳ ಪರ ಇರುವವನು ವೇದ ಕಲಿಯಲು ಬಂದ ಪುಟ್ಟ ಹುಡುಗ ನಾಣಿ ಒಬ್ಬನೇ. ಇದನ್ನು ಸರಿಪಡಿಸಿದ ಹೊಸ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಆದರೂ ನನ್ನ ಮತ ಪ್ರೇಮಾ ಕಾರಂತರ 'ಫಣಿಯಮ್ಮ'ನಿಗೆ. ಎಂ.ಕೆ. ಇಂದಿರಾ ಅವರ ಕಾದಂಬರಿ ಅದು. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು ಮಡಿ ಹೆಂಗಸಾಗಿ ಬದುಕು ಸವೆಸಿದವಳು ಫಣಿಯಮ್ಮ. ಎದುರು ಮಾತಾಡಿದವಳಲ್ಲ. ಆದರೆ ಎಳೆಯ ವಿಧವೆಯೊಬ್ಬಳು ತಲೆ ಬೋಳಿಸಿಕೊಳ್ಳಲು ಒಲ್ಲೆ ಅಂದಾಗ ಅವಳ ಪರ ನಿಲ್ಲುತ್ತಾಳೆ. ಮುಟ್ಟಬಾರದು ಅಂದ ಜಾತಿಯ ಹೆಂಗಸಿಗೆ ಹೆರಿಗೆ ಮಾಡಿಸುತ್ತಾಳೆ. ತಾನು ಪಟ್ಟಿದ್ದನ್ನು ಸೊಸೆಯೂ ಪಡಲಿ ಅನ್ನುವ ಅತ್ತೆಯರನ್ನು ನಾವೆಲ್ಲ ಕಂಡಿದ್ದೇವೆ. ನನಗಾದದ್ದು ಇವಳಿಗೆ ಬೇಡ ಅನ್ನುವವರು ಅಪರೂಪ. ಎಪ್ಪತ್ತರ ಅಜ್ಜಿ, ಇಪ್ಪತ್ತರ ಮೊಮ್ಮಗಳು ಒಟ್ಟಿಗೆ ನೋಡಿದರೆ ಅಜ್ಜಿ ತನ್ನ ಕಾಲದ ಮಾತು ತೆಗೆದೇ ತೆಗೆಯುತ್ತಾಳೆ. ಸಿನಿಮಾಕ್ಕಿಂತ ಅದು ಜಾಸ್ತಿ ಬೆಲೆಯದ್ದು.

ಸರ್ಕಾರಿ ನೌಕರರ ಸಂಘಕ್ಕೋ ತರಬೇತಿಗೋ ಕೇಳಿದರೆ 'ತಬರನ ಕಥೆ', ಎರಡು ಮಾತಿಲ್ಲ. ತೇಜಸ್ವಿಯವರ ಕಥೆ, ಕಾಸರವಳ್ಳಿಯವರ 1986ರ ಸಿನಿಮಾ. ನಿವೃತ್ತ ನೌಕರ ತಬರ ತನ್ನದೇ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹೆಂಡತಿಯ ಕಾಲು ಕೊಳೆಯುತ್ತಿದೆ. ಒಬ್ಬ ಗುಮಾಸ್ತ ಒಂದು ಸಹಿ ಬೇಗ ಹಾಕಿದ್ದರೆ ಸಾಕಿತ್ತು. ಚಾರುಹಾಸನ್ ಅವರ ನಟನೆಯ ಬಗ್ಗೆ ಹೇಳಬೇಕಾದ್ದಿಲ್ಲ, ರಾಷ್ಟ್ರಪ್ರಶಸ್ತಿ ಬಂದ ಪಾತ್ರ. ಇದರ ಪಕ್ಕದಲ್ಲಿ ಮಂಸೋರೆ ಅವರ 'ಆಕ್ಟ್ 1978' (2020) ಇಟ್ಟು ನೋಡಬಹುದು. ಅಲ್ಲಿ ಕಚೇರಿಗೆ ಅಲೆದು ಬೇಸತ್ತ ಬಸುರಿ ಗೀತಾ, ಮೈಗೆ ಬಾಂಬು ಕಟ್ಟಿಕೊಂಡು ಇಡೀ ಕಚೇರಿಯನ್ನೇ ಒತ್ತೆ ಇಟ್ಟುಕೊಳ್ಳುತ್ತಾಳೆ. ಯುವಕರು ಚಪ್ಪಾಳೆ ಹೊಡೆಯುತ್ತಾರೆ. ಓಟವೂ ಚೆನ್ನಾಗಿದೆ. ಆದರೆ ಮೇಜಿನ ಆ ಕಡೆ ಕೂತವರಿಗೆ ಅದನ್ನು ತೋರಿಸಿದರೆ ಅವರು ಬಂದೂಕು, ಬಾಂಬಿನ ಮಾತಾಡಿ ತಪ್ಪಿಸಿಕೊಳ್ಳುತ್ತಾರೆ. ತಬರನ ಮುಂದೆ ಹಾಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಹಾಕುವ ಮುಂಚೆ

ಹಳೆಯ ಕನ್ನಡ ಸಿನಿಮಾಗಳ ಪ್ರತಿ ಆನ್‌ಲೈನ್‌ನಲ್ಲಿ ಸಿಕ್ಕರೂ ಬಣ್ಣ ಮಾಸಿರುತ್ತದೆ, ಮಾತು ಕೇಳಿಸುವುದಿಲ್ಲ. ಹಿಂದಿನ ದಿನವೇ ಅದೇ ಕೋಣೆಯಲ್ಲಿ, ಅದೇ ಸ್ಪೀಕರಿನಲ್ಲಿ ಹತ್ತು ನಿಮಿಷ ಹಾಕಿ ನೋಡಿ. ಮನೆಯ ಒಟಿಟಿ ಖಾತೆ ಮನೆಯಲ್ಲಿ ನೋಡಲಿಕ್ಕೆ ಮಾತ್ರ. ಸಭೆಯಲ್ಲಿ ತೋರಿಸುವುದಾದರೆ ಹಕ್ಕು ಇರುವವರ ಒಪ್ಪಿಗೆ ಪಡೆಯಿರಿ. ಸಣ್ಣ ಬಳಗ, ಟಿಕೆಟ್ ಇಲ್ಲ ಅಂತ ವಿವರಿಸಿ ನಿರ್ದೇಶಕರಿಗೋ ನಿರ್ಮಾಪಕರಿಗೋ ಒಂದು ಪತ್ರ ಬರೆಯುವುದರಿಂದ ನಷ್ಟವೇನಿಲ್ಲ. ತಮಿಳು, ಮರಾಠಿ ಸಿನಿಮಾಗಳಿಗೆ ಯಾವ ಭಾಷೆಯ ಸಬ್‌ಟೈಟಲ್ ಇದೆ ಅಂತಲೂ ನೋಡಿಕೊಳ್ಳಿ. ಇಂಗ್ಲಿಷ್ ಒಂದೇ ಇದ್ದು, ಓದಲು ಕಷ್ಟಪಡುವವರು ಗುಂಪಿನಲ್ಲಿದ್ದರೆ ಕನ್ನಡ ಸಿನಿಮಾವೇ ಸರಿ.

ಮುಖ್ಯ ಅತಿಥಿಗಳನ್ನು ಕರೆಯಲೇಬೇಕಾದರೆ ಸಿನಿಮಾಕ್ಕೆ ಮುಂಚೆ ಮಾತಾಡಿಸಿ, ಹತ್ತು ನಿಮಿಷ ಸಾಕು. ಮುಗಿದ ಮೇಲಿನ ಸಮಯ ನೋಡಿದವರಿಗೆ ಬಿಡಿ.